ಹೆಗಲ ಮೇಲಿನ ಬಣ್ಣ

ನಾನು ಒಂದು ಬಣ್ಣವಲ್ಲ. ಎರಡು ಬಣ್ಣಗಳ ನಡುವಿನ ದಾರಿ. ಇಲ್ಲಿ ನೀಲಿ, ಅಲ್ಲಿ ಬಿಳಿ ಎಂದು ಯಾರಾದರೂ ಹೇಳಿದರೆ ಸಾಕು, ನಡುವಿನ ಒಂದೊಂದು ಚುಕ್ಕೆಗೂ ಎಷ್ಟು ನೀಲಿ, ಎಷ್ಟು ಬಿಳಿ ಎಂದು ಲೆಕ್ಕ ಹಾಕಿ ಹಚ್ಚುತ್ತಾ ಹೋಗುವುದು ನನ್ನ ಕೆಲಸ. ನನಗೆ ಮೈಯಿಲ್ಲ, ತೂಕವಿಲ್ಲ. ಕಂಪ್ಯೂಟರಿನಲ್ಲಿ ಬರೆದಿಟ್ಟ ಕೆಲವು ಸಾಲುಗಳೇ ನಾನು. ಆದರೂ ನೀವು ನನ್ನನ್ನು ನೋಡಿಯೇ ಇರುತ್ತೀರಿ. ಯಾರದಾದರೂ ಮನೆಯ ಗೋಡೆಯಲ್ಲಿ ಹಾರ ಹಾಕಿದ ಫೋಟೊ ಇದ್ದರೆ, ಅದರಲ್ಲಿರುವವರ ತಲೆಯ ಹಿಂದೆ ತಿಳಿನೀಲಿ ಬೆಳಕಿದ್ದು ಅಂಚಿಗೆ ಬರುವಷ್ಟರಲ್ಲಿ ಅದು ಕಡುನೀಲಿಯಾಗಿದ್ದರೆ, ಅಲ್ಲಿ ನಿಂತಿರುವುದು ನಾನು, ಇಲ್ಲವೇ ನನ್ನಂಥವನೊಬ್ಬ.

ನಾನು ಹುಟ್ಟಿದ್ದು ಕಡೂರಿನಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಹಾಲಮ್ಮ ಫೋಟೊ ಸ್ಟುಡಿಯೊದ ಒಳಕೋಣೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ. ನನ್ನನ್ನು ಬರೆದವರು ಪ್ರಭಾವತಿ ಮೇಡಂ. ಪಾಲಿಟೆಕ್ನಿಕ್ಕಿನಲ್ಲಿ ಅವರು ಕಂಪ್ಯೂಟರ್ ಪಾಠ ಹೇಳುತ್ತಿದ್ದರು. ಸ್ಟುಡಿಯೊ ಅವರ ಗಂಡ ಮರುಳಸಿದ್ದಪ್ಪನವರದು. ಊರಿಗೆಲ್ಲ ಅವರು ಸಿದ್ದಣ್ಣ. ಹಾಲಮ್ಮ ಎಂದರೆ ಸಿದ್ದಣ್ಣನ ತಾಯಿ. ಅಂಗಡಿಗೆ ತಮ್ಮ ಹೆಸರಿಟ್ಟ ಮೇಲೆ ಅಲ್ಲಿ ಕೂರುವ ಹಕ್ಕೂ ತಮ್ಮದೇ ಎಂದು ಆಕೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಎಲೆಯಡಿಕೆ ಮೆಲ್ಲುತ್ತಾ ಕೂತಿರುತ್ತಿದ್ದರು. ಬಂದವರಿಗೆಲ್ಲ ತಲೆ ಬಾಚಿಕೊಳ್ಳಲು ಹೇಳುವುದು ಅವರ ಕೆಲಸ.

ನನ್ನ ಹುಟ್ಟಿಗೆ ಕಾರಣ ಒಂದು ಹಳೆಯ ಪರದೆ. ಸಿದ್ದಣ್ಣನ ತಂದೆ ಬಟ್ಟೆಯ ಮೇಲೆ ಕೈಯಾರೆ ಬಳಿದದ್ದು. ನಡುವೆ ತಿಳಿನೀಲಿ, ಸುತ್ತ ಕಡುನೀಲಿ. ಅರ್ಧ ಕಡೂರು ಅದರ ಮುಂದಿನ ಸ್ಟೂಲಿನ ಮೇಲೆ ಕೂತು ಎದ್ದಿತ್ತು. ಒಂದು ಮಳೆಗಾಲ ಚಾವಣಿ ಸೋರಿ ಪರದೆಗೆ ಮುಗ್ಗಲು ಹಿಡಿಯಿತು, ಮುಟ್ಟಿದಲ್ಲೆಲ್ಲ ಹರಿಯಿತು. ಬೀರುವಿನ ತಳದಲ್ಲಿದ್ದ ಸಿದ್ದಣ್ಣನ ಮದುವೆಯ ಆಲ್ಬಮ್ಮೂ ಅದೇ ಮಳೆಯಲ್ಲಿ ನೆಂದು, ಹಾಳೆಗೆ ಹಾಳೆ ಅಂಟಿ ಹೋಯಿತು. ಆಲ್ಬಮ್ಮಿಗೆ ಅವರು ಅಷ್ಟಾಗಿ ಮರುಗಲಿಲ್ಲ. ಪರದೆಯನ್ನು ಮಾತ್ರ ಮಡಿಚಿ ಅಟ್ಟಕ್ಕೆ ಹಾಕಿ ಮಂಕಾಗಿ ಕೂತರು.

“ಅಷ್ಟಕ್ಕೆ ಯಾಕ್ರೀ ಮುಖ ಸಣ್ಣ ಮಾಡ್ಕೋತೀರ? ಕಂಪ್ಯೂಟರ್‌ನಲ್ಲೇ ಬಳ್ದುಕೊಡ್ತೀನಿ ಬಿಡಿ,” ಎಂದರು ಮೇಡಂ.

“ಅಷ್ಟು ಸುಲಭ ಅಲ್ಲ ಪ್ರಭಾ. ತಲೆ ಹಿಂದೆ ಬೆಳಕಿರ್ಬೇಕು. ಅಂಚಿಗೆ ಬರೋಷ್ಟ್ರಲ್ಲಿ ಕತ್ಲೆ ಆಗ್ಬೇಕು. ಆದ್ರೆ ಎಲ್ಲಿ ಆಯ್ತು ಅಂತ ಯಾರಿಗೂ ಗೊತ್ತಾಗ್ಬಾರ್ದು. ನಮ್ಮಪ್ಪ ಹಂಗೇ ಹೇಳೋರು.”

ಆ ಮಾತನ್ನೇ ನನ್ನ ಜಾತಕ ಎಂದುಕೊಳ್ಳಿ. ವಿದ್ಯಾರ್ಥಿಗಳಿಗೆಂದು ಮೇಡಂ ಆಗಲೇ ಗೆರೆ ಎಳೆಯುವ, ವೃತ್ತ ಬರೆಯುವ, ಚೌಕ ತುಂಬುವ ಸಾಲುಗಳನ್ನು ಬರೆದು ಒಂದು ಗಂಟಾಗಿ ಕಟ್ಟಿಟ್ಟಿದ್ದರು. ಇಂಥ ಗಂಟಿಗೆ ಲೈಬ್ರರಿ ಎನ್ನುತ್ತಾರೆ. ಯಾವ ಪ್ರೋಗ್ರಾಮಿಗೆ ಏನು ಬೇಕೋ ಅದನ್ನು ಅಲ್ಲಿಂದ ಕರೆಸಿಕೊಳ್ಳುತ್ತದೆ. ನನ್ನನ್ನೂ ಅದರಲ್ಲಿ ಸೇರಿಸಿ, ಇಡೀ ಗಂಟಿಗೆ ‘ಪರದೆ’ ಎಂದು ಹೆಸರಿಟ್ಟರು. ಗೆರೆ ಎಳೆಯುವವನು ನನ್ನ ಹಿರಿಯಣ್ಣ, ಬಹಳ ನೇರ ಸ್ವಭಾವದವನು. ವೃತ್ತ ಬರೆಯುವವಳು ಅಕ್ಕ. ಎಲ್ಲಿಂದ ಹೊರಟರೂ ಹೊರಟಲ್ಲಿಗೇ ಬಂದು ನಿಲ್ಲುವವಳು. ನಾನು ಎಲ್ಲರಿಗಿಂತ ಕಿರಿಯವನು, ಎಲ್ಲರಿಗಿಂತ ನಿಧಾನ.

ನಿಧಾನ ಮಾತ್ರವಲ್ಲ, ಮೊದಮೊದಲು ದಡ್ಡನೂ ಆಗಿದ್ದೆ. ಕೆಂಪಿನಿಂದ ಹಸಿರಿಗೆ ಹೋಗು ಎಂದರೆ ಅರ್ಧ ದಾರಿಯಲ್ಲಿ ಕಪ್ಪಿಟ್ಟು ಕೆಸರಾಗುತ್ತಿದ್ದೆ. ಹಾಲಮ್ಮ ಒಂದು ಸಲ ಇಣುಕಿ ನೋಡಿ, “ಇದೇನಮ್ಮ, ಮಧ್ಯದಲ್ಲಿ ಸಗಣಿ ಸಾರ್ಸಿದೀಯ?” ಎಂದು ಕೇಳಿದರು. ಮೇಡಂ ನಕ್ಕರು, ಆದರೆ ಆ ಮಾತನ್ನು ತಳ್ಳಿಹಾಕಲಿಲ್ಲ. ಬಣ್ಣಕ್ಕೆಂದು ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ಅಂಕಿ ಬೇರೆ, ಕಣ್ಣಿಗೆ ಬರುವ ಬೆಳಕಿನ ಪ್ರಮಾಣ ಬೇರೆ. ನಾನು ಬೆರೆಸುತ್ತಿದ್ದುದು ಅಂಕಿಗಳನ್ನು, ಬೆಳಕನ್ನಲ್ಲ. ಮೊದಲು ಅಂಕಿಯನ್ನು ಬಿಡಿಸಿ ಬೆಳಕು ಮಾಡಿಕೊ, ಆಮೇಲೆ ಬೆರೆಸು, ಮತ್ತೆ ಅಂಕಿಯಾಗಿ ಮಡಿಚಿಡು ಎಂದು ಅವರು ಕಲಿಸಿದರು. ಸಗಣಿ ಹೋಗಿ ಆ ಜಾಗಕ್ಕೆ ಮಾಗುತ್ತಿರುವ ಮಾವಿನ ಬಣ್ಣ ಬಂತು.

ಇನ್ನೊಂದು ದೋಷ ಕಡುನೀಲಿಯಲ್ಲಿತ್ತು. ಪ್ರಿಂಟ್ ತೆಗೆದರೆ ಅಡ್ಡಡ್ಡ ಕೊಯ್ದ ಈರುಳ್ಳಿಯಂತೆ ಉಂಗುರ ಉಂಗುರವಾಗಿ ಕಾಣುತ್ತಿದ್ದೆ. ಆಗ ಮೇಡಂ ಒಂದೊಂದು ಚುಕ್ಕೆಯನ್ನೂ ಚೂರು ಅತ್ತಿತ್ತ ಅಲುಗಿಸಲು ಹೇಳಿಕೊಟ್ಟರು. ಸಾಲು ತಪ್ಪಿದ ಚುಕ್ಕೆಗಳಲ್ಲಿ ಉಂಗುರದ ಗೆರೆ ಕರಗಿಹೋಯಿತು. ಆ ದಿನ ಸಿದ್ದಣ್ಣ ಕನ್ನಡಕವನ್ನು ಹಣೆಗೇರಿಸಿ ಪ್ರಿಂಟನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಎಲ್ಲಿ ಆಯ್ತು ಅಂತ ಗೊತ್ತಾಗ್ತಿಲ್ಲ,” ಎಂದರು. ಹೆಂಡತಿಯನ್ನು ಅವರು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮೇಡಂ ಕಿವಿಯವರೆಗೂ ಕೆಂಪಾದರು. ಆ ಬಣ್ಣವನ್ನು ನನಗೆ ಯಾರೂ ಕೊಟ್ಟಿರಲಿಲ್ಲ, ಕೊಟ್ಟಿದ್ದರೆ ಹಚ್ಚುತ್ತಿದ್ದೆ.

ಮದುಮಕ್ಕಳ ಹಿಂದೆ, ಶಾಲೆಗೆ ಸೇರುವ ಮಕ್ಕಳ ಹಿಂದೆ ನಿಲ್ಲುವ ಬದುಕು ನನ್ನದು ಎಂದುಕೊಂಡಿದ್ದೆ. ಅದೂ ಇತ್ತು. ಆದರೆ ನನ್ನನ್ನು ಹೆಚ್ಚಾಗಿ ಕರೆಸಿಕೊಂಡದ್ದು ಸತ್ತವರು. ನಮ್ಮ ಕಡೆ ತಿಥಿಗೆ, ಶಿವಗಣಾರಾಧನೆಗೆ ಫೋಟೊ ಬೇಕು. ಬದುಕಿದ್ದಾಗ ಅದಕ್ಕೆಂದು ಯಾರೂ ಫೋಟೊ ತೆಗೆಸಿಟ್ಟಿರುವುದಿಲ್ಲ. ಕಣ್ಣು ಊದಿಕೊಂಡ ನೆಂಟರು ಯಾವುದೋ ಮದುವೆಯ, ಗೃಹಪ್ರವೇಶದ ಗುಂಪು ಫೋಟೊ ತಂದು, ಬೆರಳಿಟ್ಟು ತೋರಿಸಿ, “ಇವ್ರನ್ನ ಒಬ್ರನ್ನೇ ತೆಗ್ದುಕೊಡಿ ಸಿದ್ದಣ್ಣ,” ಎನ್ನುತ್ತಿದ್ದರು. ಸಿದ್ದಣ್ಣ ಸುತ್ತಲಿದ್ದವರನ್ನೆಲ್ಲ ಅಳಿಸಿ, ಹಣೆಗೆ ವಿಭೂತಿಯನ್ನೋ ಕುಂಕುಮವನ್ನೋ ಹಚ್ಚಿ, ಹಿಂದೆ ನನ್ನನ್ನು ನಿಲ್ಲಿಸುತ್ತಿದ್ದರು.

ಇದರಲ್ಲೊಂದು ಕಟ್ಟುನಿಟ್ಟಿತ್ತು. ಬದುಕಿರುವವರ ಒಂದು ಬೆರಳೂ ಆ ಫೋಟೊದಲ್ಲಿ ಉಳಿಯಬಾರದು. ಉಳಿದರೆ ಸತ್ತವರು ಅವರನ್ನೂ ಕರೆದುಕೊಳ್ಳುತ್ತಾರೆ ಎಂಬ ಭಯ. ತೋಳಿಗೆ ಒರಗಿದ ಮಗಳ ಜಡೆ, ತೊಡೆಯ ಮೇಲಿನ ಮೊಮ್ಮಗ, ಹೆಗಲ ಮೇಲೆ ಯಾರೋ ಇಟ್ಟ ಕೈ, ಎಲ್ಲವೂ ಹೋಗಬೇಕು. ಹಿಂದಿನದನ್ನು ಅಳಿಸುವುದು ಸುಲಭ. ಮೈಮೇಲಿನ ಕೈಯನ್ನು ಅಳಿಸಿದರೆ ಆ ಜಾಗ ಖಾಲಿ ಉಳಿಯುತ್ತದೆ. ಅಲ್ಲಿಗೂ ನಾನೇ ಬರಬೇಕಿತ್ತು. ಕೈಯ ಮೇಲಂಚಿನ ಅಂಗಿಯ ಬಣ್ಣ, ಕೆಳಗಂಚಿನ ಅಂಗಿಯ ಬಣ್ಣ, ಎರಡನ್ನೂ ಕೊಟ್ಟರೆ ನಾನು ಒಂದರಿಂದ ಇನ್ನೊಂದಕ್ಕೆ ಹರಿಯುತ್ತಿದ್ದೆ. ಅಲ್ಲಿ ಕೈಯೇ ಇರಲಿಲ್ಲ ಎನ್ನುವ ಹಾಗೆ ಆಗುತ್ತಿತ್ತು. ಹೀಗೆ ಎಷ್ಟು ಕೈಗಳ ಮೇಲೆ ಹರಿದೆನೋ, ಲೆಕ್ಕವಿಲ್ಲ. ಮೊದಲು ಇದು ನನ್ನ ಜಾಣತನ ಎಂದು ಬೀಗುತ್ತಿದ್ದೆ. ಬರಬರುತ್ತಾ ಬೇಸರವಾಗತೊಡಗಿತು.

ಮೇಡಂ ಅವರ ವಿದ್ಯಾರ್ಥಿ ಜಬೀವುಲ್ಲಾ, ಎಲ್ಲರ ಬಾಯಲ್ಲಿ ಜಬಿ, ಫ್ಲೆಕ್ಸ್ ಅಂಗಡಿ ಇಟ್ಟಾಗ ಅವರನ್ನು ಕೇಳಿ ನಮ್ಮ ಗಂಟಿನ ಒಂದು ಪ್ರತಿ ಮಾಡಿಕೊಂಡು ಹೋದ. ಅಲ್ಲಿ ನನ್ನದು ಬೇರೆಯೇ ಅವತಾರ. ಹುಟ್ಟುಹಬ್ಬದ ನಾಯಕರು, ಅವರಿಗೆ ಶುಭ ಕೋರುವ ಸಾಲು ಸಾಲು ತಲೆಗಳು, ಎಲ್ಲರ ಹಿಂದೆ ನಾನು ನೀಲಿಯಿಂದ ಕೆಂಪಿಗೆ, ಕೆಂಪಿನಿಂದ ಹಳದಿಗೆ ಓಡಾಡಿ ದಣಿದೆ. ವಾರ ಕಳೆದರೆ ಆ ಫ್ಲೆಕ್ಸನ್ನು ಜನ ಸೌದೆ ನೆನೆಯದಂತೆ ಹೊದಿಸುತ್ತಿದ್ದರು. ಅದು ಮಾತ್ರ ನಿಜವಾಗಿ ಉಪಯೋಗಕ್ಕೆ ಬಂದ ಕೆಲಸ. ಕೆಲವೇ ವರ್ಷಗಳಲ್ಲಿ ಹೊಸ ಸಾಫ್ಟ್‌ವೇರುಗಳು ಬಂದವು, ಜಬಿಯ ಅಂಗಡಿಯಲ್ಲಿ ನನ್ನ ಋಣ ತೀರಿತು. ಸ್ಟುಡಿಯೊದಲ್ಲಿ ಮಾತ್ರ ಸಿದ್ದಣ್ಣ ನನ್ನನ್ನು ಬಿಡಲಿಲ್ಲ.

ಇಷ್ಟೊಂದು ಜನರ ಫೋಟೊ ತೆಗೆದ ಸಿದ್ದಣ್ಣನದೇ ಒಂದು ನೆಟ್ಟಗಿನ ಫೋಟೊ ಇರಲಿಲ್ಲ. ಮತದಾರರ ಚೀಟಿಯಲ್ಲಿದ್ದ ಮುಖ ಯಾರದೆಂದು ಹೆತ್ತ ತಾಯಿಗೂ ಹೇಳಲಾಗುತ್ತಿರಲಿಲ್ಲ. ಮೇಡಂ ಕೇಳಿದಾಗೆಲ್ಲ, “ಕ್ಯಾಮೆರಾ ಹಿಂದೆ ಇರೋನಿಗೆ ಮುಂದೇನು ಕೆಲ್ಸ?” ಎಂದುಬಿಡುತ್ತಿದ್ದರು.

ಜಬಿಯ ಮದುವೆಯ ದಿನ ಅದು ಹೇಗೋ ಕೂಡಿಬಂತು. ಮದುಮಗನೇ ಸಿದ್ದಣ್ಣನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು, “ಸರ್, ಇವತ್ತೊಂದು ದಿನ ನನ್ನ ಮಾತು ಕೇಳಿ. ಮೇಡಂ ಜೊತೆ ನಿಂತ್ಕೊಳ್ಳಿ,” ಎಂದು ಹಟ ಹಿಡಿದ. ಇಬ್ಬರೂ ಶಾದಿ ಮಹಲಿನ ಮೆಟ್ಟಿಲ ಮೇಲೆ ನಿಂತರು. ಮೇಲಿನ ಮೆಟ್ಟಿಲಲ್ಲಿದ್ದ ಮೇಡಂ ಅವರ ಚಪ್ಪಲಿಯ ಬಾರು ಆಗಲೇ ಕಿತ್ತುಹೋಗಬೇಕೆ? ಅವರು ತಟಕ್ಕನೆ ಮುಂದಿದ್ದ ಗಂಡನ ಎಡ ಹೆಗಲನ್ನು ಹಿಡಿದುಕೊಂಡರು. ಜಬಿ ಆ ಗಳಿಗೆಯನ್ನೇ ಹಿಡಿದ.

ಮರುದಿನ ಸ್ಟುಡಿಯೊದಲ್ಲಿ ಆ ಫೋಟೊ ತೆರೆದಾಗ ಸಿದ್ದಣ್ಣ ಬೆರಳಿಟ್ಟು ತೋರಿಸಿದರು. “ಊರ ಮುಂದೆ ಗಂಡನ ಹೆಗಲ ಮೇಲೆ ಕೈ ಹಾಕಿದೀಯಲ್ಲ ಪ್ರಭಾ.”

“ಬೀಳ್ತೀನಿ ಅಂತ ಹಿಡ್ಕೊಂಡೆ. ಆಸೆಗೇನಲ್ಲ,” ಎಂದರು ಮೇಡಂ.

“ಹಿಡ್ಕೊಂಡಿದ್ದು ಹಿಡ್ಕೊಂಡಿದ್ದೇ.” ಸಿದ್ದಣ್ಣ ಅದನ್ನು ಪ್ರಿಂಟ್ ಹಾಕಲಿಲ್ಲ, ಅಳಿಸಲೂ ಇಲ್ಲ. ಕೆಲಸವಿಲ್ಲದ ಮಧ್ಯಾಹ್ನ ಕೆಲವೊಮ್ಮೆ ತೆರೆದು ನೋಡಿ, ಹೊರಗೆ ಯಾರೋ ಬಂದ ಸದ್ದಾದರೆ ತಟ್ಟನೆ ಮುಚ್ಚುತ್ತಿದ್ದರು. ಈ ಗುಟ್ಟು ಗೊತ್ತಿದ್ದದ್ದು ನನಗೆ ಮತ್ತು ನನ್ನ ಅಣ್ಣ ಅಕ್ಕಂದಿರಿಗೆ ಮಾತ್ರ.

ಆಮೇಲಿನದನ್ನು ಹೇಳಲು ನನಗೆ ಇಷ್ಟವಿಲ್ಲ, ಆದರೂ ಹೇಳಬೇಕು. ಒಂದು ಬೆಳಿಗ್ಗೆ ಸಿದ್ದಣ್ಣ ಷಟರ್ ಎತ್ತಿದವರೇ ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತರು. ಆಸ್ಪತ್ರೆ ಮುಟ್ಟುವ ಮುಂಚೆಯೇ ಎಲ್ಲ ಮುಗಿದಿತ್ತಂತೆ. ಅವರಿಗೆ ಮಕ್ಕಳಿರಲಿಲ್ಲ. ಸೊಸೆಗೆ ಅತ್ತೆ, ಅತ್ತೆಗೆ ಸೊಸೆ, ಅಷ್ಟೇ ಉಳಿದದ್ದು.

ಆರಾಧನೆಗೆ ಫೋಟೊ ಬೇಕಿತ್ತು. ಇದ್ದದ್ದು ಅದೊಂದೇ. ಜಬಿ ಓಡಿ ಬಂದು, “ನಾನು ಮಾಡ್ಕೊಡ್ತೀನಿ ಮೇಡಂ,” ಎಂದ. ಮೇಡಂ ಬೇಡವೆಂದು ತಾವೇ ಕಂಪ್ಯೂಟರಿನ ಮುಂದೆ ಕೂತರು. ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಹಾಲಮ್ಮ ಕೂತರು. ಆ ದಿನ ಅವರ ಬಾಯಲ್ಲಿ ಎಲೆಯಡಿಕೆ ಇರಲಿಲ್ಲ. ಮೇಡಂ ಮೊದಲು ತಮ್ಮ ಮುಖವನ್ನು ಅಳಿಸಿದರು, ಆಮೇಲೆ ಸೀರೆಯನ್ನು, ತೋಳನ್ನು. ಮಣಿಕಟ್ಟಿಗೆ ಬಂದು ನಿಂತುಬಿಟ್ಟರು. ಸಿದ್ದಣ್ಣನ ಕೆನೆಬಣ್ಣದ ಅಂಗಿಯ ಮೇಲೆ ಕೈಯೊಂದೇ ಉಳಿದಿತ್ತು.

“ಇದನ್ನೂ ತೆಗೀಲೇಬೇಕಾ ಅತ್ತೆ?”

“ತೆಗಿ ಕಣಮ್ಮ. ಅವನು ಒಬ್ನೇ ಹೋಗಿದಾನೆ. ಹೆಗಲ ಮೇಲೆ ನಿನ್ನ ಕೈ ಇದ್ರೆ ಬಾ ಅಂದುಬಿಡ್ತಾನೆ. ನೀನೂ ಹೋಗ್ಬಿಟ್ರೆ ನಂಗ್ಯಾರಿದಾರೆ?”

ಮೇಡಂ ಮೇಲಿನ ಕೆನೆಬಣ್ಣ, ಕೆಳಗಿನ ಕೆನೆಬಣ್ಣ ಎರಡನ್ನೂ ಕೊಟ್ಟು ನನ್ನನ್ನು ಕರೆದರು. ನಾನು ಹರಿದೆ. ಕೈ ಹೋಯಿತು. ಹಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೊರಗೆ ಹೋದರು.

ಅವರು ಹೋದ ಮೇಲೆ ಮೇಡಂ ನಾನು ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಂಡರು. ಕೈ ಮತ್ತೆ ಬಂತು. ಅದರ ಮೇಲೆ ಬಾಣದ ಗುರುತನ್ನಿಟ್ಟು ಅದರ ಬಣ್ಣವನ್ನು ಎಷ್ಟು ಕೆಂಪು, ಎಷ್ಟು ಹಸಿರು, ಎಷ್ಟು ನೀಲಿ ಎಂಬ ಮೂರು ಅಂಕಿಗಳಲ್ಲಿ ಹಿಡಿದು, ಈ ಸಲ ನನಗೆ ಮೂರು ಬಣ್ಣ ಕೊಟ್ಟರು: ಅಂಗಿ, ಕೈ, ಮತ್ತೆ ಅಂಗಿ. ನಡುವಿನ ಬಣ್ಣದ ಕಡೆಗೆ ಹೋಗು, ಆದರೆ ಅದನ್ನು ಮುಟ್ಟಬೇಡ, ಚೂರು ಹತ್ತಿರ ಹೋಗಿ ಹಿಂದೆ ಬಂದುಬಿಡು ಎಂದು ಬರೆದರು. ನಾನು ಜೀವಮಾನದಲ್ಲೇ ಅಷ್ಟು ಮೆಲ್ಲಗೆ ಹರಿದಿರಲಿಲ್ಲ. ಕೆನೆಯಿಂದ ಹೊರಟು, ಬೆಚ್ಚಗಿನ ಒಂದು ಛಾಯೆಯ ಹತ್ತಿರ ಸುಳಿದು, ಮತ್ತೆ ಕೆನೆಗೆ ಬಂದೆ. ಕೈ ಇರಲಿಲ್ಲ. ಕೈ ಇಟ್ಟಿದ್ದ ಕಾವು ಅಂಗಿಯ ಮೇಲೆ ಉಳಿದಿತ್ತು. ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಮೇಡಂ ಪ್ರಿಂಟ್ ತೆಗೆದು, ಆ ಫೋಟೊವನ್ನು, ಕೈಯಿದ್ದ ಮೂಲವನ್ನೂ ಸೇರಿಸಿ, ಕಂಪ್ಯೂಟರಿನಿಂದಲೇ ಅಳಿಸಿಹಾಕಿದರು. ಯಾರೂ ತೆರೆದು ಕೆದಕಬಾರದಲ್ಲ, ಅತ್ತೆಯ ಭಯಕ್ಕೂ ಕಾರಣ ಉಳಿಯಬಾರದಲ್ಲ. ನನ್ನನ್ನು ಕರೆದ ಆ ಸಾಲು ಮಾತ್ರ ಹಾಗೇ ಉಳಿಯಿತು. ಮರೆತರೋ, ಬೇಕೆಂದೇ ಬಿಟ್ಟರೋ ಗೊತ್ತಿಲ್ಲ.

ಫೋಟೊ ಕಟ್ಟು ಹಾಕಿಸಿ, ಒಳಕೋಣೆಯ ಬಾಗಿಲ ಮೇಲೆ ಎತ್ತರದಲ್ಲಿ ನೇತುಹಾಕಿದರು. ಹಾಲಮ್ಮನ ಕುರ್ಚಿಗೆ ಅದು ಎದುರು. ಒಂದು ದಿನ ಆಕೆ ಬಹಳ ಹೊತ್ತು ತಲೆ ಎತ್ತಿ ನೋಡಿ, “ಅಂಗಿ ಮೇಲೆ ಎಂಥದೋ ನೆರಳು ಕಾಣ್ಸುತ್ತಲ್ಲಮ್ಮ,” ಎಂದರು.

“ಟ್ಯೂಬ್‌ಲೈಟಿಂದು ಅತ್ತೆ,” ಎಂದರು ಮೇಡಂ.

ಹಾಲಮ್ಮ ಸೊಸೆಯ ಮುಖವನ್ನು ನೋಡಿದರು, ಮತ್ತೆ ಫೋಟೊವನ್ನು ನೋಡಿದರು. ಆಮೇಲೆ ಸಾಯುವವರೆಗೂ ಆ ಮಾತು ಎತ್ತಲಿಲ್ಲ. ಅವರ ಫೋಟೊಗೂ ನಾನೇ ಬೆನ್ನಿಗೆ ನಿಂತೆ. ಅವರ ತಲೆ ಮಾತ್ರ ಚೆನ್ನಾಗಿ ಬಾಚಿತ್ತು.

ಅತ್ತೆಯೂ ಹೋದ ಮೇಲೆ ಮೇಡಂ ಸ್ಟುಡಿಯೊವನ್ನು ಜಬಿಗೆ ವಹಿಸಿದರು. ಬೋರ್ಡಿನ ಹೆಸರನ್ನು ಅವನು ಬದಲಿಸಲಿಲ್ಲ. ಗಂಡನ ಫೋಟೊವನ್ನು ಅವರು ಮನೆಗೆ ಒಯ್ದರು, ಅಲ್ಲೂ ಬಾಗಿಲ ಮೇಲೆ ಹಾಕಿಸಿದರಂತೆ. ನಾನಿದ್ದ ಕಂಪ್ಯೂಟರು ಮೇಜಿನ ಕೆಳಗೆ ಹೋಯಿತು. ಹಳೆಯ ಸ್ಕ್ಯಾನರು ಅದಕ್ಕೆ ಮಾತ್ರ ಬಗ್ಗುತ್ತಿತ್ತು ಎಂಬ ಒಂದೇ ಕಾರಣಕ್ಕೆ ನಾವು ಗುಜರಿಗೆ ಹೋಗದೆ ಉಳಿದೆವು.

ವರ್ಷಗಳು ಕಳೆದವು. ಮೇಡಂ ನಿವೃತ್ತರಾದರು. ಒಂದು ದಿನ ಅವರ ಮನೆಗೆ ಹೋಗಿದ್ದ ಜಬಿ, ಫೋಟೊ ಬಿಸಿಲಿಗೆ ಮಾಸಿರುವುದನ್ನು ಕಂಡು, ಬೇಡವೆಂದರೂ ಕೇಳದೆ ಅದನ್ನು ಇಳಿಸಿಕೊಂಡು ಬಂದ. ಗಾಜಿನೊಡನೆಯೇ ಸ್ಕ್ಯಾನರಿನ ಮೇಲಿಟ್ಟ. ಸಿದ್ದಣ್ಣನ ಮುಖ ಒಳಗೆ ಬರುತ್ತಿದ್ದಂತೆ ನನಗೆ ಗುರುತು ಹತ್ತಿತು. ಹೆಗಲ ಮೇಲೆ ನನ್ನ ಕೈಕೆಲಸ ಹಾಗೇ ಇತ್ತು. ಸುತ್ತಲಿನ ನೀಲಿ ಮಾಸಿದ್ದರೂ ಆ ಛಾಯೆ ಮಾಸಿರಲಿಲ್ಲ. ಜಬಿ ಅದನ್ನು ಹೊಸ ಕಂಪ್ಯೂಟರಿಗೆ ಒಯ್ದು, ಜಾಗವಿಲ್ಲವೆಂದು ನಮ್ಮಲ್ಲಿದ್ದುದನ್ನು ಅಳಿಸಿದ. ಆಮೇಲೆ ಮೂಲ ಫೋಟೊವನ್ನು ಗಾಜಿನಿಂದ ಬಿಡಿಸಲು ಹೋದ. ವರ್ಷಗಟ್ಟಲೆ ಅಂಟಿಕೊಂಡಿದ್ದ ಅದು ಸಿಪ್ಪೆ ಸಿಪ್ಪೆಯಾಗಿ ಕಿತ್ತುಬಂತು.

ಎರಡು ದಿನ ಅವನು ಬೇರೆ ಕೆಲಸ ಮುಟ್ಟದೆ, ಉಳಿದಿದ್ದ ಆ ಒಂದೇ ಪ್ರತಿಯನ್ನು ತಿದ್ದುತ್ತಾ ಕೂತ. ಅಷ್ಟು ಶ್ರದ್ಧೆಯಿಂದ ಅವನು ಬೇರೇನನ್ನಾದರೂ ಮಾಡಿದ್ದನ್ನು ನಾನು ಕಂಡಿಲ್ಲ. ಮೇಡಂ ಬಂದಾಗ ಹೊಸ ಫೋಟೊವನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದ.

“ಹಳೇದು ಗಾಜಿಗೆ ಅಂಟ್ಕೊಂಡು ಹೋಯ್ತು ಮೇಡಂ, ಬೇಜಾರ್ ಮಾಡ್ಕೋಬೇಡಿ. ಇದು ಅದಕ್ಕಿಂತ ಚೆನ್ನಾಗಿ ಬಂದಿದೆ. ಎಡಗಡೆ ಹೆಗಲ ಮೇಲೆ ಬೂಷ್ಟಿನ ಕಲೆ ಥರ ಒಂದಿತ್ತು. ಎಷ್ಟು ವರ್ಷದ್ದೋ. ಅದನ್ನೂ ತೆಗ್ದಿದೀನಿ. ಸರ್ ಹೊಸ ಅಂಗಿ ಹಾಕ್ಕೊಂಡಂಗೆ ಇದಾರೆ ನೋಡಿ. ಈ ಫೋಟೊ ಹೊಡ್ದೋನೂ ನಾನೇ ಅಲ್ವಾ?”

ಅಂದು ತಾನು ಕ್ಯಾಮೆರಾದಲ್ಲಿ ಹಿಡಿದ ಕೈ ಅದು ಎಂದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಮೇಡಂ ಫೋಟೊ ನೋಡಿದರು. ಎಡ ಹೆಗಲ ಮೇಲೆ ಬೆರಳಾಡಿಸಿದರು. ಜಬಿಯ ಮುಖದಲ್ಲಿ ಆಗ ಇದ್ದ ಸಂತೋಷವನ್ನು ಕಂಡ ಯಾರೂ ಬೇರೆ ಮಾತು ಆಡುತ್ತಿರಲಿಲ್ಲ.

“ಚೆನ್ನಾಗಿದೆ ಜಬಿ,” ಎಂದರು. “ಆ ಹಳೇ ಕಂಪ್ಯೂಟರ್ ಇನ್ನೂ ಆನ್ ಆಗುತ್ತಾ? ಒಂಚೂರು ಕೂತ್ಕೋಬೇಕಿತ್ತು.”

“ಅಯ್ಯೋ ಕೂತ್ಕೊಳ್ಳಿ ಮೇಡಂ. ಟೀ ತರ್ತೀನಿ,” ಎಂದು ಅವನು ಹೊರಗೆ ಹೋದ.

ಮೇಡಂ ನಮ್ಮ ಗಂಟು ಬಿಚ್ಚಿದರು. ಅಣ್ಣನನ್ನು ದಾಟಿ, ಅಕ್ಕನನ್ನು ದಾಟಿ ನನ್ನ ಬಳಿಗೆ ಬಂದರು. ಆ ಸಾಲು ಇದ್ದಲ್ಲೇ ಇತ್ತು. ಮುಟ್ಟಬೇಡ ಎಂದಿದ್ದನ್ನು ತೆಗೆದುಹಾಕಿ ನನ್ನನ್ನು ಕರೆದರು. ಫೋಟೊ ಇರಲಿಲ್ಲ, ಹೆಗಲಿರಲಿಲ್ಲ. ಬರಿಯ ಖಾಲಿ ಚೌಕ. ನಾನು ಕೆನೆಯಿಂದ ಹೊರಟು, ಈ ಸಲ ಆ ನಡುವಿನ ಬಣ್ಣದವರೆಗೂ ಹೋದೆ. ಸ್ಕ್ರೀನಿನ ಮಧ್ಯೆ ಅವರ ಅಂದಿನ ಕೈಯ ಬಣ್ಣ ಪೂರಾ ಬಂದು ನಿಂತಿತು.

ಮೇಡಂ ತಮ್ಮ ಕೈಯನ್ನು ಅದರ ಪಕ್ಕಕ್ಕೆ ಹಿಡಿದರು. ನರ ಎದ್ದಿತ್ತು, ಅಲ್ಲಲ್ಲಿ ಕಂದು ಚುಕ್ಕೆ ಬಿದ್ದಿತ್ತು, ತೊಗಲು ತೆಳುವಾಗಿ ಬೂದಿಬಣ್ಣಕ್ಕೆ ತಿರುಗಿತ್ತು. ಎರಡೂ ಒಂದೇ ಬಣ್ಣವಾಗಿರಲಿಲ್ಲ. ಈ ಎರಡು ಬಣ್ಣಗಳ ನಡುವಿನ ದಾರಿಯನ್ನು ನಾನು ಬೇಕಾದರೆ ಬರೆದುಕೊಡಬಲ್ಲೆ, ಆದರೆ ಹಿಂದಕ್ಕೆ ಯಾರನ್ನೂ ನಡೆಸಲಾರೆ. ಆಗ ಅವರು ಅತ್ತರು. ಜಬಿಯ ಹೆಜ್ಜೆ ಸದ್ದಾದಾಗ, ಹಿಂದೆ ಸಿದ್ದಣ್ಣ ಮಾಡುತ್ತಿದ್ದಂತೆಯೇ, ತಟ್ಟನೆ ಮುಚ್ಚಿದರು.

ಹೊಸ ಸ್ಕ್ಯಾನರ್ ಬಂದಿದೆ. ನಮ್ಮ ಕಂಪ್ಯೂಟರಿನ ವೈರುಗಳನ್ನು ಜಬಿ ಬಿಡಿಸುತ್ತಿದ್ದಾನೆ. ಗುಜರಿಯವನು ನಾಳೆ ಬರುತ್ತಾನಂತೆ. ಒಂದು ಕೈಯಲ್ಲಿ ಫೋನ್ ಹಿಡಿದು ಹೆಂಡತಿಯ ಹತ್ತಿರ ಮಾತಾಡುತ್ತಿದ್ದಾನೆ.

“ಮೇಡಂ ಮನೆಗೆ ಹೋಗಿ ಫೋಟೊ ಹಾಕಿ ಬಂದೆ ಕಣೇ. ಬಾಗಿಲ ಮೇಲೆ ಹಳೇ ಮೊಳೆ ಇತ್ತು, ಅಲ್ಲಿ ಬೇಡ ಅಂದ್ರು. ಕೆಳಗೆ ಗೋಡೆಗೆ ಹೊಸ ಮೊಳೆ ಹೊಡೆಸಿದ್ರು. ಹೋದವ್ರ ಫೋಟೊನ ಯಾರಾದ್ರೂ ಅಷ್ಟು ಕೆಳಗೆ ಹಾಕ್ತಾರಾ? ಕೈ ಚಾಚಿದ್ರೆ ಸಿಗುತ್ತೆ.”

ಕೊನೆಯ ವೈರು ಅವನ ಕೈಯಲ್ಲಿದೆ. ನನ್ನ ಬಗ್ಗೆ ನನಗೆ ಚಿಂತೆಯಿಲ್ಲ. ದಾರಿ ಎಂದ ಮೇಲೆ ಮುಗಿಯಲೇಬೇಕು. ಹೆಗಲ ಮೇಲೆ ದಿನವೂ ಒಂದೇ ಜಾಗದಲ್ಲಿ ಕೈಯಿಟ್ಟರೆ ಗಾಜು ಅಲ್ಲಿ ಮೆಲ್ಲಗೆ ಮಸುಕಾಗುತ್ತದೆ. ಮುಂದಿನ ಸಲ ಆ ಮನೆಗೆ ಹೋದಾಗ ಜಬಿ ಅದನ್ನೂ ಕಲೆ ಎಂದುಕೊಂಡು ಒರೆಸದಿರಲಿ.